ಬೀರಮ್ಮನ ಎಲುಬು ಕೂಡಿದ ಮಳೆಗಾಲ

ಮನುಷ್ಯನ ದೇಹದಲ್ಲಿ ಎಲುಬಿನಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. ನಾಲಿಗೆ ಸುಳ್ಳು ಹೇಳುತ್ತದೆ, ಕಣ್ಣು ನಾಟಕ ಆಡುತ್ತದೆ, ಹೊಟ್ಟೆಯಂತೂ ಊಟದ ಹೊತ್ತಾದರೆ ಯಾರ ಮನೆಯೆಂದು ನೋಡುವುದಿಲ್ಲ. ಎಲುಬು ಮಾತ್ರ ತನ್ನ ಪಾಲಿನ ಭಾರವನ್ನು ಬಾಯಿಬಿಡದೆ ಹೊತ್ತು, ಮನುಷ್ಯ ಹೋದ ಮೇಲೂ ಸ್ವಲ್ಪ ಕಾಲ ಇದ್ದು ಸಾಕ್ಷಿ ಹೇಳುತ್ತದೆ. ನೌಕರಿಯಲ್ಲಿ ಇದ್ದಷ್ಟು ದಿನ ನಾನು ಇದನ್ನು ನಂಬಿದ್ದೆ. ನಿವೃತ್ತನಾದ ಮೇಲೆ, ನನ್ನ ಬಲ ಮೊಣಕಾಲು ದಿನಾ ಬೆಳಿಗ್ಗೆ ಇನ್ನು ತನ್ನಿಂದ ಆಗುವುದೇ ಇಲ್ಲ ಎಂದು ಹಾಸಿಗೆಯಲ್ಲಿ ಮುಷ್ಕರ ಹೂಡಿ, ಕುಮಟೆ ಬಸ್ಸು ತಿರುವಿನಲ್ಲಿ ಕಂಡ ಕೂಡಲೆ ನನ್ನನ್ನು ಹೊತ್ತುಕೊಂಡು ಓಡುವುದನ್ನು ನೋಡಿ ಆ ನಂಬಿಕೆ ಹೋಯಿತು.

ಆ ಮೊಣಕಾಲಿನ ದೆಸೆಯಿಂದಲೇ ಮೊನ್ನೆ ಕುಮಟೆಯ ಒಂದು ರಕ್ತಪರೀಕ್ಷೆಯ ಅಂಗಡಿಗೆ ಹೋಗಿದ್ದೆ. ಅಂಗಡಿ ಎನ್ನಬಾರದಂತೆ, ಸೆಂಟರ್ ಎನ್ನಬೇಕಂತೆ. ಹೊರಗೆ ಜೂನ್ ತಿಂಗಳ ಮಳೆ. ಒಳಗೆ ಒಂದು ಮೂಲೆಯಲ್ಲಿ ಒದ್ದೆ ಕೊಡೆಗಳು, ಬಾಗಿಲಿಗೆ ಕಾಲೊರೆಸಲು ಹಾಸಿದ ಗೋಣಿತಾಟು. ಹುಡುಗಿ ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದಳು. ಒದ್ದೆ ಗೋಣಿ ಮತ್ತು ಸ್ಪಿರಿಟ್ಟು, ಈ ಎರಡು ವಾಸನೆ ಕೂಡಿದ್ದೇ ತಡ, ನನಗೆ ಹೊನ್ನಾವರದ ಆ ಮಳೆಗಾಲ ಕಣ್ಣೆದುರು ಬಂತು. ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಹುಡುಗಿ ರಕ್ತ ತುಂಬಿದ ಬಣ್ಣದ ಮುಚ್ಚಳದ ಕೊಳವೆಯನ್ನು ಅಲ್ಲಾಡಿಸುತ್ತಿರುವಾಗ ತಡೆಯಲಾಗದೆ ಕೇಳಿದೆ, "ಇವನ್ನ ತೊಳೆದು ಎಲ್ಲಿ ಒಣಗಿಸ್ತೀರಿ?"

"ಒಣಗಿಸೂದಾ? ಬಿಸಾಡ್ತೇವೆ ಅಂಕಲ್" ಅಂದಳು, ನನ್ನ ಬುದ್ಧಿಗೂ ಒಂದು ಪರೀಕ್ಷೆ ಬರೆಯಬೇಕಿತ್ತೇನೋ ಎಂಬ ಮುಖದಲ್ಲಿ.

ನಮ್ಮ ಕಾಲದಲ್ಲಿ ಬಿಸಾಡುತ್ತಿರಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಹೊನ್ನಾವರ ಪೇಟೆಯಲ್ಲಿ, ಹಿಂದೆ ಯಾರೋ ಸಾಹುಕಾರರ ಕೊಬ್ಬರಿ ಗೋದಾಮಾಗಿದ್ದ ಹಂಚಿನ ಕಟ್ಟಡದಲ್ಲಿ ಇತ್ತು. ಗೋಡೆಗೆ ಎಷ್ಟು ಸಲ ಬಿಳಿ ಬಳಿದರೂ ಬಿಸಿಲು ಏರಿದ ಕೂಡಲೆ ಕೊಬ್ಬರಿಯ ಕಮಟು ವಾಸನೆ ಹೊರಡುತ್ತಿತ್ತು. ಅಲ್ಲಿ ನಾನು ಲ್ಯಾಬ್ ಟೆಕ್ನೀಶಿಯನ್. ಊರಿನವರ ಬಾಯಲ್ಲಿ ರಕ್ತದ ಮಾಸ್ತರ. ನನ್ನ ಸಾಮ್ರಾಜ್ಯ ಎಂದರೆ ಒಂದು ಸೂಕ್ಷ್ಮದರ್ಶಕ, ಬಣ್ಣದ ಗಾಢತೆ ಅಳೆಯುವ ಒಂದು ಕಲರಿಮೀಟರು, ಕರೆಂಟು ಇದ್ದರೆ ಮಾತ್ರ ತಣ್ಣಗಿರುವ ಒಂದು ಫ್ರಿಜ್ಜು, ಮತ್ತೆ ತೊಳೆದು ತೊಳೆದು ಮಸುಕಾದ ಗಾಜಿನ ಕೊಳವೆಗಳು. ಬರುವ ಪರೀಕ್ಷೆಗಳೂ ಅಷ್ಟೇ ಸಾದಾ: ಸಕ್ಕರೆ, ಹಿಮೋಗ್ಲೋಬಿನ್, ಮಲೇರಿಯಾ, ಮೂತ್ರ. ಇಷ್ಟರಲ್ಲಿ ಊರಿನ ಎಲ್ಲ ರೋಗಗಳೂ ಅಡಗಿವೆ ಎಂದು ಊರೂ ನಂಬಿತ್ತು, ನಾನೂ ನಂಬಿದ್ದೆ.

ಈ ನೆಮ್ಮದಿ ಕೆಡಿಸಿದವರು ಪ್ರಭಾಕರ ಡಾಕ್ಟರು. ಕುಮಟೆಯವರೇ. ಮುಂಬಯಿಯಲ್ಲಿ ಎಲುಬಿನ ಶಸ್ತ್ರಕ್ರಿಯೆ ಕಲಿತು ಊರಿನ ಕಡೆಗೇ ಬಂದವರು. ಬರುವಾಗ ಒಂದು ಟ್ರಂಕಿನ ತುಂಬ ಮೊಳೆ, ಪಟ್ಟಿ, ಡ್ರಿಲ್ಲು ತಂದರು. ತಲೆಯ ತುಂಬ ಒಂದು ವಿಚಾರವನ್ನೂ ತಂದರು. ಆಗ ಮುದುಕರ ಸೊಂಟದ ಎಲುಬು ಮುರಿದರೆ ನಮ್ಮಲ್ಲಿ ಎರಡೇ ದಾರಿ. ಎಣ್ಣೆ ಹಚ್ಚಿ ಪಟ್ಟು ಕಟ್ಟಿ ಮಲಗಿಸುವುದು. ಇಲ್ಲವೆ ಆಪರೇಷನ್ ಮಾಡಿ ಮಲಗಿಸುವುದು. ಎರಡರಲ್ಲೂ ಮಲಗಿಸುವುದು ತಪ್ಪುತ್ತಿರಲಿಲ್ಲ. ಬಹಳ ಮಂದಿ ಮಲಗಿದವರು ಏಳುತ್ತಿರಲಿಲ್ಲ.

"ಎಲುಬು ಕೂಡೂದನ್ನ ಎಕ್ಸ್‌ರೇ ತಡವಾಗಿ ಹೇಳ್ತದೆ, ರಕ್ತ ಬೇಗ ಹೇಳ್ತದೆ" ಎಂದು ಡಾಕ್ಟರು ನನ್ನನ್ನು ಕೂರಿಸಿ ಪಾಠ ಮಾಡಿದರು. "ಎಲುಬಿನ ಕಡೆಯಿಂದ ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸು. ಸ್ನಾಯುವಿನ ಕಡೆಯಿಂದ ಕ್ರಿಯಾಟಿನಿನ್. ವಾರ ವಾರ ನೋಡುವ. ಯಾವಾಗ ಎಬ್ಬಿಸಿ ನಿಲ್ಲಿಸಬಹುದು ಅಂತ ರಕ್ತವೇ ಹೇಳಲಿ. ಸುಮ್ಮನೆ ಮಲಗಿಸಿಟ್ರೆ ತೊಡೆ ಕರಗಿ ಹೋಗ್ತದೆ, ಮತ್ತೆ ಎಲುಬು ಕೂಡಿ ಎಂತ ಪ್ರಯೋಜನ?"

ಇದರ ಮೇಲೆ ಒಂದು ಪ್ರಬಂಧ ಬರೆದು ದೊಡ್ಡ ಪತ್ರಿಕೆಗೆ ಕಳಿಸುವ ಆಸೆಯೂ ಅವರಿಗಿತ್ತು. ಪರೀಕ್ಷೆಯ ರಾಸಾಯನಿಕಗಳನ್ನು ಹುಬ್ಬಳ್ಳಿಯಿಂದ ತರಿಸಿದರು. ಕರೆಂಟು ಹೋದಾಗ ಅವನ್ನು ಮೀನಿನ ಐಸಿನಲ್ಲಿ ಹೂತಿಡುತ್ತಿದ್ದೆವು. ವಿಜ್ಞಾನಕ್ಕೆ ಸ್ವಲ್ಪ ಬಂಗಡೆಯ ವಾಸನೆ ಹತ್ತಿತು. ಹೊನ್ನಾವರದಲ್ಲಿ ಯಾವುದಕ್ಕೆ ಹತ್ತುವುದಿಲ್ಲ? ಎಲ್ಲ ತಯಾರಾಯಿತು. ಒಂದು ಸೊಂಟ ಮಾತ್ರ ಬೇಕಿತ್ತು.

ಮೇ ತಿಂಗಳ ಕೊನೆಗೆ ಅದೂ ಬಂತು. ಶರಾವತಿಯ ಆಚೆ ದಡದ ಕಾಸರಕೋಡದ ಬೀರಮ್ಮ. ಎಪ್ಪತ್ತರ ಆಚೀಚೆ ವಯಸ್ಸು. ಹದಿನಾರಕ್ಕೆ ಮೀನಿನ ಬುಟ್ಟಿ ತಲೆಗೆ ಏರಿಸಿದವಳು, ಆಮೇಲೆ ಇಳಿಸಿದ್ದು ಹೆರಿಗೆಗೆ ಮಾತ್ರ ಎಂದು ಅವಳ ಲೆಕ್ಕ. ಮಳೆಗಾಲಕ್ಕೆ ಮೀನು ಹಿಡಿಯುವುದು ನಿಂತು ಸಮುದ್ರ ಕಟ್ಟುವ ಮೊದಲಿನ ಗಡಿಬಿಡಿಯ ವ್ಯಾಪಾರದಲ್ಲಿ, ಹೊನ್ನಾವರದ ಮೀನು ಮಾರ್ಕೆಟ್ಟಿನ ನೆಲದ ಮೇಲೆ ಯಾರದೋ ಬುಟ್ಟಿಯಿಂದ ಬಿದ್ದ ಮೀನಿನ ಮೇಲೆ ಕಾಲಿಟ್ಟು ಜಾರಿದ್ದಳು. ಎಡಸೊಂಟ ಮುರಿದು, ಪಾದ ಹೊರಗೆ ತಿರುಗಿ ಬಿದ್ದಿತ್ತು. ಮಗ ದುರ್ಗಪ್ಪ ಮತ್ತೆ ಇಬ್ಬರು ಅವಳನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತಂದರು. ಅಷ್ಟು ನೋವಿನಲ್ಲೂ ಅವಳು ಡಾಕ್ಟರಿಗೆ ಹೇಳಿದ ಮೊದಲ ಮಾತು ಇದು:

"ಜಾರಿದ್ದು ಮಾಸ್ತಿ ಮೀನಿನ ಮೇಲೆ ಡಾಕ್ಟ್ರೆ, ನನ್ನ ಮೀನಲ್ಲ. ಅದ್ನ ಬರಕಣಿ ಮೊದ್ಲು."

ಮಾಸ್ತಿ ಎಂದರೆ ಮಾಸ್ತಮ್ಮ. ಮಾರ್ಕೆಟ್ಟಿನಲ್ಲಿ ಬೀರಮ್ಮನ ಪಕ್ಕದ ಜಾಗದವಳು. ಇಬ್ಬರೂ ಮದುವೆಯಾಗಿ ಬಂದಾಗಿನಿಂದ ಮೈಗೆ ಮೈ ತಾಗಿಸಿ ಕೂತು ಮೀನು ಮಾರಿದವರು, ಮತ್ತು ಅಂದಿನಿಂದಲೂ ಒಬ್ಬರ ಗಿರಾಕಿಯನ್ನು ಒಬ್ಬರು ಕರೆದವರು.

ಡಾಕ್ಟರು ಮೊಳೆ ಪಟ್ಟಿ ಹಾಕಿ ಎಲುಬು ಕೂಡಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನದಿಂದ ನನ್ನ ಕೆಲಸ ಸುರುವಾಯಿತು. ಬೆಳಿಗ್ಗೆ ಸಿರಿಂಜು ಹಿಡಿದು ಹೋದರೆ ಬೀರಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡುವಳು.

"ತಮಾ, ಮೊನ್ನೆನೇ ತಗಂಡ್ಯಲ್ಲ, ಅದ್ನೆಲ್ಲ ಎಂತ ಮಾಡ್ದೆ?"

"ಪರೀಕ್ಷೆ ಮಾಡಿದೆ ಅಮ್ಮ."

"ಮಾಡಿ?"

"ಚೆಲ್ಲಿದೆ."

"ಚೆಲ್ಲೂಕೆ ನಂದೇ ಬೇಕಾಗಿತ್ತಾ? ಡಾಕ್ಟ್ರದ್ದು ಇಲ್ವಾ?"

ಅವಳ ಚಿಂತೆ ರಕ್ತದ್ದಲ್ಲ, ಜಾಗದ್ದು. ಆ ಮಾರ್ಕೆಟ್ಟಿನ ಹೆಂಗಸರಲ್ಲಿ ಒಂದು ಕಟ್ಟಳೆ ಇತ್ತು. ಮಳೆಗಾಲಕ್ಕೆ ದೋಣಿ ಮೇಲೆ ಎಳೆದು, ಶ್ರಾವಣದ ನೂಲಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟು, ಮತ್ತೆ ಮೀನು ಬಂದ ಮೊದಲ ದಿನ ಯಾರು ಎಲ್ಲಿ ಬುಟ್ಟಿ ಇಟ್ಟು ಕೂರುತ್ತಾರೋ ಆ ವರ್ಷವಿಡೀ ಆ ಜಾಗ ಅವರದ್ದು. ಟುವಾಲು ಹಾಸಿ ಹೋಗುವುದು ನಡೆಯುವುದಿಲ್ಲ. ಬೀರಮ್ಮನ ಜಾಗ ಒಳ್ಳೆಯದು: ಬಾಗಿಲಿನಿಂದ ಬಂದವರ ಕಣ್ಣು ಮೊದಲು ಬೀಳುವಲ್ಲಿ, ಹಂಚು ಸೋರದ ಕಡೆ. "ಅಂದು ಸೊಸೆ ಕೂತರಾಯಿತಲ್ಲ" ಎಂದು ನಾನು ಒಮ್ಮೆ ಉಪಾಯ ಹೇಳಿದೆ. ಬೀರಮ್ಮ ನನ್ನನ್ನು ಕರುಣೆಯಿಂದ ನೋಡಿದಳು.

"ಸೊಸೆ ಕೂತ್ರೆ ಅದು ಸೊಸೆ ಜಾಗ ಆತು. ಅದ್ಕಿಂತ ಮಾಸ್ತಿಯೇ ಕೂರ್ಲಿ."

ಹೀಗಾಗಿ ವಿಷಯ ಸ್ಪಷ್ಟವಿತ್ತು. ನೂಲಹುಣ್ಣಿಮೆಯ ಹೊತ್ತಿಗೆ ಅವಳು ಎದ್ದು ಮಾರ್ಕೆಟ್ಟಿಗೆ ಹೋಗಬೇಕು. ಇಲ್ಲದಿದ್ದರೆ ಅವಳ ಪಾಲಿಗೆ ಬದುಕು ಎನ್ನುವುದು ಮನೆಯ ಜಗಲಿ, ಸೊಸೆ ಕೊಟ್ಟ ಗಂಜಿ. "ಜಗ್ಲಿ ಮೇಲೆ ಕೂತು ಸಾಯೂಕೆ ಈ ಮೊಳೆ ಎಂತಕೆ ಬೇಕಿತ್ತು?" ಎಂದು ಡಾಕ್ಟರನ್ನೇ ಕೇಳಿದ್ದಳು. ಡಾಕ್ಟರು ಬಗ್ಗಿ, ಅವಳ ಕೈ ಹಿಡಿದು, "ನಿಲ್ಲಿಸ್ತೇನೆ, ರಕ್ತ ಒಪ್ಪಲಿ" ಎಂದು ಮಾತು ಕೊಟ್ಟಿದ್ದರು.

ಜೂನ್ ಹತ್ತಿತು. ಆ ವರ್ಷ ಮಳೆ ಬಂದದ್ದಲ್ಲ, ವರ್ಗವಾಗಿ ಬಂದು ಬಿಡಾರ ಹೂಡಿದ್ದು. ಶರಾವತಿ ಕೆಂಪು ನೀರು ಹೊತ್ತು ಅಳಿವೆಯಲ್ಲಿ ಸಮುದ್ರದ ಜೊತೆ ಗುದ್ದಾಡುವ ಸದ್ದು ಪೇಟೆಗೂ ಕೇಳುತ್ತಿತ್ತು. ನನ್ನ ಲ್ಯಾಬಿನ ಗೋಡೆಗೆ ಬೂಷ್ಟು, ಸೂಕ್ಷ್ಮದರ್ಶಕದ ಗಾಜಿಗೆ ಬೂಷ್ಟು, ನನ್ನ ಚಪ್ಪಲಿಗೂ ಬೂಷ್ಟು. ತೊಳೆದ ಕೊಳವೆ ಒಳಗಿಟ್ಟರೆ ದಿನ ಕಳೆದರೂ ಒಣಗುತ್ತಿರಲಿಲ್ಲ. ಹಾಗಾಗಿ ಒಣಗಿಸುವ ಸ್ಟ್ಯಾಂಡನ್ನು ವರಾಂಡಕ್ಕೆ, ಗಾಳಿ ಆಡುವ ಕಿಟಕಿಯ ಕಟ್ಟೆಗೆ ಸಾಗಿಸಿದೆವು. ಸ್ಟ್ಯಾಂಡೆಂದರೆ ದೊಡ್ಡ ಯಂತ್ರವೇನಲ್ಲ. ಒಂದು ಹಲಗೆ, ಅದಕ್ಕೆ ಸಾಲಾಗಿ ಹೊಡೆದ ಬೆರಳು ಗಾತ್ರದ ಮರದ ಗೂಟಗಳು. ಸಂಜೆ ತೊಳೆದ ಕೊಳವೆಗಳನ್ನು ಬೋರಲಾಗಿ ಗೂಟಕ್ಕೆ ಸಿಕ್ಕಿಸಿದರೆ ಬೆಳಿಗ್ಗೆ ಒಣಗಿರುತ್ತಿದ್ದವು. ಅವುಗಳಲ್ಲೇ ಆ ದಿನದ ರಕ್ತ ಹಿಡಿಯುವುದು. ಹಗಲಿಡೀ ಗೂಟಗಳು ಬರಿದಾಗಿ ನಿಂತಿರುತ್ತಿದ್ದವು.

ಅದೇ ವರಾಂಡದಲ್ಲಿ ಕಾಸರಕೋಡ ಬಂದು ಕೂತಿತು. ಅತಿಶಯೋಕ್ತಿ ಅಲ್ಲ. ದೋಣಿ ಮೇಲೆ ಎಳೆದಾಗಿತ್ತು, ಮೀನಿಲ್ಲ, ಕೆಲಸವಿಲ್ಲ. ಮಾರ್ಕೆಟ್ಟಿನ ಹೆಂಗಸರಿಗೆಲ್ಲ ಬೀರಮ್ಮನನ್ನು ನೋಡಲು ಬರುವುದೇ ಆ ಮಳೆಗಾಲದ ಉದ್ಯೋಗ. ಬೆಳಿಗ್ಗೆ ಬಂದರೆ ಮಧ್ಯಾಹ್ನದ ಗಂಜಿಯ ಹೊತ್ತಿಗೆ ಏಳುವರು. ಕವಳದ ಸಂಚಿ ಬಿಚ್ಚಿ, ಎಲೆ ಅಡಿಕೆ ಸುಣ್ಣ ತಂಬಾಕು ಹಾಕಿ, ಸಮುದ್ರದಿಂದ ಸೊಸೆಯವರೆಗೆ ಎಲ್ಲವನ್ನೂ ವಿಚಾರಣೆ ಮಾಡುವರು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವವಳು ಮಾಸ್ತಮ್ಮ. ಒಳಗೆ ಬಂದು ಮಂಚದ ಕಾಲಬುಡದಲ್ಲಿ ನಿಲ್ಲುವಳು.

"ಎಂತ ನೋಡ್ತೆ? ಇನ್ನೂ ಸಾಯ್ಲಿಲ್ಲ" ಎಂದು ಬೀರಮ್ಮ.

"ಗಂಜಿ ತಂದಿದ್ದೆ" ಎಂದು ಮಾಸ್ತಮ್ಮ.

"ಮೀನಿನ ಸಾರು ಹಾಕಿದ್ಯಾ? ನೆಲಕ್ಕೆ ಬಿದ್ದ ಮೀನಾ, ಬುಟ್ಟಿ ಮೀನಾ?"

ಮಾಸ್ತಮ್ಮ ಪಾತ್ರೆ ಇಟ್ಟು ಹೊರಗೆ ಹೋಗಿ ಕೂರುವಳು. ಅವಳು ಹೋದ ಮೇಲೆ ಬೀರಮ್ಮ ನನ್ನ ಹತ್ತಿರ ಗುಟ್ಟು ಹೇಳುವಳು: "ಅದು ನನ್ನ ನೋಡೂಕೆ ಬತ್ತಿಲ್ಲ ತಮಾ. ನನ್ನ ಜಾಗ ಖಾಲಿ ಆತಾ ಅಂತ ನೋಡೂಕೆ ಬತ್ತದೆ." ಹೇಳಿ, ಗಂಜಿಯನ್ನು ಪೂರ್ತಿ ಉಣ್ಣುವಳು.

ಈ ಜನಜಾತ್ರೆಯಿಂದ ತಲೆಕೆಟ್ಟವರು ನರ್ಸ್ ಫಿಲೋಮಿನಾಬಾಯಿ. ಆಸ್ಪತ್ರೆಯ ಗೋಡೆಗೆ ಆಗ ತಾನೇ ಬಿಳಿ ಬಳಿದಿತ್ತು. ಕವಳ ಹಾಕಿದ ಮೇಲೆ ಬೆರಳಿನಲ್ಲಿ ಉಳಿದ ಸುಣ್ಣವನ್ನು ಹತ್ತಿರದ ಕಂಬಕ್ಕೋ ಗೋಡೆಗೋ ಒರೆಸುವುದು ನಮ್ಮ ಕರಾವಳಿಯಲ್ಲಿ ಹುಟ್ಟಿನಿಂದ ಬಂದ ಹಕ್ಕು. ಊರಿನ ದೇವಸ್ಥಾನದ ಕಂಬದಿಂದ ಹಿಡಿದು ಭಟ್ಕಳದ ಬಸ್ಸಿನ ಸೀಟಿನವರೆಗೆ ಯಾವುದೂ ಅದರಿಂದ ಪಾರಾಗಿಲ್ಲ. ಫಿಲೋಮಿನಾಬಾಯಿ ವರಾಂಡದ ನಡುವೆ ನಿಂತು, ಕೊಂಕಣಿಯಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ ಸಾರಿದರು: "ಇನ್ನು ಗೋಡೆಗೆ ಒಂದು ಬೊಟ್ಟು ಸುಣ್ಣ ಕಂಡರೆ ಒಬ್ಬರನ್ನೂ ಒಳಗೆ ಬಿಡುವುದಿಲ್ಲ!" ಹೆಂಗಸರು ಒಪ್ಪಿದರು. ಅಂದಿನಿಂದ ಗೋಡೆ ಹಾಲಿನಂತೆ ಉಳಿಯಿತು. ತಮ್ಮ ಶಾಸನದ ಪ್ರಭಾವ ಕಂಡು ಫಿಲೋಮಿನಾಬಾಯಿಯೇ ಬೆರಗಾದರು. ಉಳಿದ ಸುಣ್ಣ ಎಲ್ಲಿ ಹೋಗುತ್ತಿದೆ ಎಂದು ಯಾರೂ ಕೇಳಲಿಲ್ಲ.

ಇತ್ತ ರಕ್ತ ಮಾತಾಡತೊಡಗಿತ್ತು. ಆಲ್ಕಲೈನ್ ಫಾಸ್ಫಟೇಸು ಏರಿತು. ಎಲುಬು ಕೂಡುವಾಗ ಅದು ಏರಬೇಕಾದದ್ದೇ, ಡಾಕ್ಟರು ಸಂತೋಷಪಟ್ಟರು. ಕ್ರಿಯಾಟಿನಿನ್ ಇಳಿಯುತ್ತ ಬಂತು. ಸ್ನಾಯು ಕರಗಿದರೆ ಅದು ಇಳಿಯುತ್ತದೆ. ಅದಕ್ಕೆ ಲ್ಯಾಬೂ ಬೇಕಾಗಿರಲಿಲ್ಲ. ಬುಟ್ಟಿ ಹೊತ್ತು ಗಟ್ಟಿಯಾದ ಆ ತೊಡೆ ವಾರದಿಂದ ವಾರಕ್ಕೆ ಸೊರಗುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು. ಡಾಕ್ಟರು ಅವಳನ್ನು ಎಬ್ಬಿಸುವ ದಿನ ಗೊತ್ತುಮಾಡುವವರಿದ್ದರು. ಆಗ ಕ್ಯಾಲ್ಸಿಯಂ ತಲೆ ಎತ್ತಿತು. ಮೊದಲ ಸಲ ಸರಿಯಾಗಿತ್ತು. ಮುಂದಿನ ಸಲ ಮೇಲಿನ ಗಡಿ ಮುಟ್ಟಿತು. ಅದರ ಮುಂದಿನ ಸಲ ದಾಟಿತು. ಆಮೇಲೆ ಇನ್ನೂ ಹೆಚ್ಚಾಯಿತು.

ಡಾಕ್ಟರ ಮುಖ ಇಳಿಯಿತು. ಬಾಗಿಲು ಮುಂದೆ ಮಾಡಿ ನನಗೆ ಹೇಳಿದರು. ಮುದುಕಿ, ಸುಲಭವಾಗಿ ಮುರಿದ ಎಲುಬು, ಫಾಸ್ಫಟೇಸು ಹೆಚ್ಚು, ಕ್ಯಾಲ್ಸಿಯಮ್ಮೂ ಹೆಚ್ಚು. ಇವೆಲ್ಲ ಒಟ್ಟಿಗೆ ಬಂದರೆ ಪುಸ್ತಕ ಹೇಳುವುದು ಒಂದೇ: ಎಲ್ಲೋ ಹುಟ್ಟಿದ ಕ್ಯಾನ್ಸರ್ ಎಲುಬಿಗೆ ಇಳಿದಿದೆ, ಎಲುಬನ್ನು ತಿಂದು ರಕ್ತಕ್ಕೆ ಉಗುಳುತ್ತಿದೆ. ಎಕ್ಸ್‌ರೇ ಹಿಡಿದು ನೋಡಿದರೆ ಒಂದೆರಡು ಕಡೆ ಮಸುಕು. ಅದು ಎಲುಬಿನ ಮಸುಕೋ, ಮಳೆಗಾಲದ ಫಿಲ್ಮಿಗೆ ಹಿಡಿದ ಬೂಷ್ಟೋ, ಹೇಳುವಂತಿರಲಿಲ್ಲ.

"ನಿಲ್ಲಿಸಿದ್ರೆ ಇನ್ನೊಂದು ಕಡೆ ಮುರೀತದೆ. ಮಲಗಿಯೇ ಇರಲಿ" ಎಂದರು.

ಹೀಗೆ ಎಲುಬು ಕಾಯಿರಿ ಎನ್ನುತ್ತಿತ್ತು, ಸ್ನಾಯು ಬೇಗ ಬೇಗ ಎನ್ನುತ್ತಿತ್ತು. ನಡುವೆ ನಾವಿಬ್ಬರು ಕಲರಿಮೀಟರಿನ ಮುಳ್ಳು ನೋಡುತ್ತ ಕೂತಿದ್ದೆವು. ಆಷಾಢ ಅರ್ಧ ಕಳೆದಿತ್ತು.

ದುರ್ಗಪ್ಪನಿಗೆ ಹೇಳಲೇಬೇಕಾಯಿತು. ದೋಣಿಯ ಹುಟ್ಟಿನಂಥ ಆಳು. ಕೇಳಿ ವರಾಂಡದ ಕಂಬ ಹಿಡಿದು ನಿಂತ. "ಅವ್ವಿಗೆ ಹೇಳ್ಬೇಡಿ" ಎಂದ. ಆಮೇಲೆ ಒಳಗೆ ಹೋಗಿ ಅಮ್ಮನ ಮಂಚದ ಮೇಲೆ ಕೂತ. ಅವನು ಹುಟ್ಟಿದ ಮೇಲೆ ಮೊದಲ ಸಲ ಮೆತ್ತಗೆ ಮಾತಾಡಿದ.

"ಅವ್ವಿ, ನಿಂಗೆ ಎಂತ ತಿನ್ನೂಕೆ ಆಸೆ ಅದೆ? ಹೇಳು, ತರ್ತೆ."

ಬೀರಮ್ಮ ಅವನನ್ನು ದಿಟ್ಟಿಸಿ ನೋಡಿದಳು. ಮತ್ತೆ ಬಾಗಿಲಲ್ಲಿದ್ದ ನನ್ನನ್ನು.

"ನಾ ಸಾಯ್ತೆ ಅಂತ ಹೇಳಿದ್ರಾ ಇವ್ರು?"

"ಯಾರು ಹೇಳಿದ್ರು ಹಂಗೆ?"

"ನೀನೇ. ಬೆಳಿಗ್ಗೆಯಿಂದ ಒಂದು ಬೈಗುಳ ಇಲ್ಲ ನಿನ್ನ ಬಾಯಲ್ಲಿ."

ದುರ್ಗಪ್ಪ ಎದ್ದು ಹೋದ. ಅವಳು ಗೋಡೆಯ ಕಡೆ ತಿರುಗಿದಳು. ಅಂದಿನಿಂದ ನಾನು ಸಿರಿಂಜು ಹಿಡಿದು ಹೋದರೆ ಮಾತಿಲ್ಲದೆ ತೋಳು ಚಾಚುವಳು. ಅದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು. ಗಂಜಿ ಪಾತ್ರೆ ತುಂಬಿದ್ದು ತುಂಬಿದ ಹಾಗೇ ಮರಳುತ್ತಿತ್ತು. ಮಾಸ್ತಮ್ಮ ಅದನ್ನು ಎತ್ತಿಕೊಂಡು, ಸೆರಗಿನಲ್ಲಿ ಮುಖ ಒರೆಸಿಕೊಂಡು, ವರಾಂಡದಲ್ಲಿ ಇನ್ನೊಂದು ಕವಳ ಹಾಕುವಳು.

ಮನೆಗೆ ಕಳಿಸುವ ಮೊದಲು ಕೊನೆಯದಾಗಿ ಒಂದು ಸಲ ಖಚಿತ ಮಾಡಿಕೊಳ್ಳುವ ಎಂದರು ಡಾಕ್ಟರು. "ಒಬ್ಬ ಆರೋಗ್ಯವಂತನ ರಕ್ತವನ್ನೂ ಜೊತೆಗೇ ನೋಡಿ, ಹೋಲಿಕೆಗೆ." ಆರೋಗ್ಯವಂತ ಎಂದರೆ ಯಾರು ಎಂದು ನಾನು ಕೇಳಿದೆ. ಅವರು ಗಾಂಭೀರ್ಯದಿಂದ ತಮ್ಮ ಅಂಗಿಯ ತೋಳು ಮಡಚಿದರು.

ಫಲಿತಾಂಶ ಬಂತು. ಡಾಕ್ಟರ ಕ್ಯಾಲ್ಸಿಯಂ ಬೀರಮ್ಮನಿಗಿಂತ ಹೆಚ್ಚು.

ಇಂಥ ಸಂದರ್ಭದಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳಬೇಕೆಂದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಡಾಕ್ಟರು ಚೀಟಿಯನ್ನು ಎರಡು ಸಲ ಓದಿ, ಮಡಚಿ ಕಿಸೆಗೆ ಹಾಕಿ, ತಮ್ಮ ಕೋಣೆಗೆ ಹೋಗಿ ಕೂತರು. ಮಧ್ಯಾಹ್ನ ಊಟ ಮಾಡಲಿಲ್ಲ. ಬೆನ್ನು ಆಗಾಗ ನೋಯುತ್ತಿದ್ದದ್ದು ಈಗ ಅವರಿಗೆ ನೆನಪಾಯಿತು. ಕುಮಟೆಯ ಮನೆಗೆ ಫೋನ್ ಹಚ್ಚಿಸಿ ಹೆಂಡತಿಯ ಹತ್ತಿರ ಕಾರಣವಿಲ್ಲದೆ ಬಹಳ ಪ್ರೀತಿಯಿಂದ ಮಾತಾಡಿದರು. ಆಕೆ ಗಾಬರಿಯಿಂದ "ಎಂತ ಆತು? ಎಂತ ಆತು?" ಎಂದು ಕೂಗುವುದು ವರಾಂಡಕ್ಕೂ ಕೇಳಿಸಿತು.

ನಾನು ಅಷ್ಟರಲ್ಲಿ ನನ್ನ ರಕ್ತ ನೋಡಿದೆ. ನಾನೂ ಬದುಕುವ ಆಸೆ ಬಿಡಬೇಕಾಗಿತ್ತು. ಫಿಲೋಮಿನಾಬಾಯಿಯವರದ್ದು ನೋಡಿದೆ, ಅವರಿಗೆ ನನಗಿಂತಲೂ ಕಡಿಮೆ ದಿನ. ಆಸ್ಪತ್ರೆಯಲ್ಲಿ ಉಳಿಯುವ ಲಕ್ಷಣ ಯಾರಿಗೂ ಇರಲಿಲ್ಲ. ಕೊನೆಗೆ ಗೂಟದಿಂದ ತೆಗೆದ ಒಂದು ಒಣ ಕೊಳವೆಗೆ ಬರೀ ಭಟ್ಟಿ ಇಳಿಸಿದ ನೀರು ಹಾಕಿ, ಅಲ್ಲಾಡಿಸಿ, ಅದನ್ನೇ ಪರೀಕ್ಷೆ ಮಾಡಿದೆ. ನೀರಿಗೂ ಅದೇ ರೋಗ.

ಡಾಕ್ಟರ ಕೋಣೆಯ ಬಾಗಿಲು ತಟ್ಟಿ, "ಸರ್, ನೀರಿಗೂ ಕ್ಯಾನ್ಸರ್ ಆಗಿದೆ" ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಕುರ್ಚಿಯಿಂದ ಹಾರಿದರು.

ಕೊಳವೆಗಳು ಒಣಗುವುದೆಲ್ಲಿ ಎಂದು ಇಬ್ಬರೂ ವರಾಂಡಕ್ಕೆ ಬಂದೆವು. ಕಾಸರಕೋಡದ ಸಭೆ ನಡೆದಿತ್ತು. ನಮ್ಮ ಕಣ್ಣೆದುರಿಗೇ ಮಾಸ್ತಮ್ಮ ಕವಳ ಬಾಯಿಗಿಟ್ಟು, ಬೆರಳಿನ ಸುಣ್ಣ ಗೋಡೆಗೆ ತಾಗದಂತೆ ಕೈ ಮೇಲೆ ಹಿಡಿದು, ಎದ್ದು ಹೋಗಿ, ಕಿಟಕಿ ಕಟ್ಟೆಯ ಮೇಲಿದ್ದ ಒಂದು ಗೂಟಕ್ಕೆ ನೀಟಾಗಿ ಒರೆಸಿ ಬಂದು ಕೂತಳು. ಆಮೇಲೆ ಇನ್ನೊಬ್ಬಳು, ಪಕ್ಕದ ಗೂಟಕ್ಕೆ. ಹತ್ತಿರ ಹೋಗಿ ನೋಡಿದರೆ ಸಾಲು ಗೂಟಗಳೆಲ್ಲ ಬೆಳ್ಳಗೆ. ಮಸುಕು ಬೆಳಕಿನಲ್ಲಿ ಅದನ್ನು ನಾವು ಮಳೆಗಾಲದ ಬೂಷ್ಟು ಎಂದುಕೊಂಡಿದ್ದೆವು. ಅಳಿವೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣ. ಅದಕ್ಕಿಂತ ಶುದ್ಧವಾದ ಕ್ಯಾಲ್ಸಿಯಂ ಹುಬ್ಬಳ್ಳಿಯಲ್ಲೂ ಸಿಗಲಾರದು. ಸಂಜೆ ಅದೇ ಗೂಟಕ್ಕೆ ಕೊಳವೆ, ಬೆಳಿಗ್ಗೆ ಅದೇ ಕೊಳವೆಯಲ್ಲಿ ಬೀರಮ್ಮನ ರಕ್ತ. ಬೇರೆ ರೋಗಿಗಳಿಗೆ ಕ್ಯಾಲ್ಸಿಯಂ ನೋಡುವ ಪದ್ಧತಿಯೇ ಇರಲಿಲ್ಲವಾದ್ದರಿಂದ ಅವರೆಲ್ಲ ಆರೋಗ್ಯವಾಗಿ ಉಳಿದಿದ್ದರು. ನೋಡಲು ಬರುವವರು ಹೆಚ್ಚಿದ ಹಾಗೆ ಅಂಕಿ ಏರಿತ್ತು. ಊರಿಗೆ ಅವಳ ಮೇಲಿದ್ದ ಪ್ರೀತಿಯನ್ನು ನಾನು ವಾರ ವಾರ ಮಿಲಿಗ್ರಾಮಿನಲ್ಲಿ ಅಳೆದಿದ್ದೆ.

"ಇದಕ್ಕೆ ಎಂತಕೆ ಒರೆಸಿದ್ರಿ?" ಎಂದು ಡಾಕ್ಟರು ಕೇಳಿದರು. ಸ್ವರ ಏರಲಿಲ್ಲ, ಆಗ ತಾನೇ ಬದುಕಿ ಬಂದವರಿಗೆ ಸಿಟ್ಟು ಬೇಗ ಬರುವುದಿಲ್ಲ.

ಮಾಸ್ತಮ್ಮ ಗಲಿಬಿಲಿಗೊಂಡಳು. "ಗೋಡೆಗೆ ಒರೆಸ್ಬೇಡಿ ಅಂದ್ರಲ್ಲ ಬಾಯಮ್ಮ? ಮತ್ತೆ ಇದ್ನ ನೀವು ಸುಣ್ಣಕ್ಕೇ ಇಟ್ಟದ್ದಲ್ದಾ?"

ಫಿಲೋಮಿನಾಬಾಯಿ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ನಡೆದರು.

ಹೊಸ ಕೊಳವೆಗಳನ್ನು ಆಸಿಡ್ಡಿನಲ್ಲಿ ತೊಳೆದು, ನನ್ನ ಬೀರಿನೊಳಗೆ ಬಲ್ಬಿನ ಶಾಖಕ್ಕೆ ಒಣಗಿಸಿ, ಮತ್ತೆ ರಕ್ತ ತೆಗೆದೆವು. ಬೀರಮ್ಮನ ಕ್ಯಾಲ್ಸಿಯಂ ಸರಿಯಾಗಿತ್ತು. ಡಾಕ್ಟರದ್ದೂ. ಫಾಸ್ಫಟೇಸು ಏರಿದ್ದು ಎಲುಬು ಕೂಡುತ್ತಿದ್ದುದಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಡಾಕ್ಟರೇ ಹೋಗಿ ಮಂಚದ ಪಕ್ಕದಲ್ಲಿ ನಿಂತು, ತಪ್ಪು ಆಸ್ಪತ್ರೆಯದ್ದು ಎಂದು ಹೇಳಿ, ಗೂಟದ ಕತೆಯನ್ನೂ ಬಿಡಿಸಿ ಹೇಳಿದರು. ಬೀರಮ್ಮ ಗೋಡೆಯಿಂದ ಈಚೆ ತಿರುಗಿದಳು. ಪೂರ್ತಿ ಕೇಳಿದಳು. ಆಮೇಲೆ ಅವಳ ಸ್ವರ ವಾರಗಳ ಮೇಲೆ ಮೊದಲ ಸಲ ವರಾಂಡದವರೆಗೆ ಮುಟ್ಟಿತು.

"ಏ ಮಾಸ್ತಿ! ಮೀನಲ್ಲಿ ಬೀಳ್ಸಿದ್ದು ಸಾಕಾಗ್ಲಿಲ್ವಾ? ಸುಣ್ಣ ಹಾಕಿ ಕೊಲ್ಲೂಕೆ ನೋಡ್ದೆ?"

ಹೊರಗಿನಿಂದ ಮಾಸ್ತಮ್ಮ ಅಳುತ್ತ ನಗುತ್ತ ಉತ್ತರ ಕೊಟ್ಟಳು. "ಸಾಯೂದಾದ್ರೆ ಮೊದ್ಲು ಗಂಜಿ ಪಾತ್ರೆ ತೊಳ್ದು ಕೊಡು!"

ಬಾಗಿಲಲ್ಲಿ ನಿಂತಿದ್ದ ದುರ್ಗಪ್ಪ ಅಮ್ಮನನ್ನು ಮನಸಾರೆ ಬೈದ. ಆಸ್ಪತ್ರೆ ಮೊದಲಿನ ಹಾಗಾಯಿತು.

ಆದರೆ ಹೋದ ವಾರಗಳು ಹೋಗಿದ್ದವು. ಮರುದಿನ ಅವಳನ್ನು ಎಬ್ಬಿಸಿ ನಿಲ್ಲಿಸಿದಾಗ ಅದು ಗೊತ್ತಾಯಿತು. ಒಂದು ಕಡೆ ಡಾಕ್ಟರು, ಒಂದು ಕಡೆ ಫಿಲೋಮಿನಾಬಾಯಿ. ಎಲುಬು ತಡೆಯಿತು, ತೊಡೆ ತಡೆಯಲಿಲ್ಲ. ಕಾಲು ಹಗ್ಗದ ಹಾಗೆ ನಡುಗಿತು. ಬೀರಮ್ಮ ತನ್ನ ಕಾಲನ್ನೇ ಯಾರದ್ದೋ ಎಂಬಂತೆ ನೋಡಿದಳು. "ಇದು ನನ್ನ ಕಾಲಲ್ಲ. ಬದ್ಲಿ ಮಾಡಿದ್ರಿ ನೀವು" ಎಂದಳು. ದಿನಾ ಬೆಳಿಗ್ಗೆ ಸಂಜೆ ನಿಲ್ಲಿಸಿದೆವು. ಮರಳಿನ ಚೀಲ ಕಟ್ಟಿ ಕಾಲು ಎತ್ತಿಸಿದೆವು. ಮಾಸ್ತಮ್ಮ ಮಂಚದ ಆಚೆ ತುದಿಗೆ ನಿಂತು, "ಬಾ, ಬಾ, ಗಿರಾಕಿ ಬಂತು, ಬಂಗಡೆ ಕೇಳ್ತು" ಎಂದು ಕರೆಯುವಳು. ಬೀರಮ್ಮ ಹಲ್ಲು ಕಚ್ಚಿ ಹೆಜ್ಜೆ ಇಡುವಳು. ಕ್ರಿಯಾಟಿನಿನ್ ಇಳಿಯುವುದು ನಿಂತಿತು. ನಾನು ಚೀಟಿ ಬರೆದು ಕೊಟ್ಟರೆ ಡಾಕ್ಟರು ಓದಿ ಮೇಜಿನ ಮೇಲಿಡುವರು. ಪ್ರಬಂಧದ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ನೂಲಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟರು. ದೋಣಿ ಇಳಿದವು. ಬೀರಮ್ಮ ಆಗಿನ್ನೂ ಕಿಟಕಿ ಹಿಡಿದು ಮಂಚದಿಂದ ಬಾಗಿಲವರೆಗೆ ನಡೆಯುತ್ತಿದ್ದಳು. ಮೀನು ಬಂದ ಮೊದಲ ದಿನ ಬೆಳಿಗ್ಗೆ ವರಾಂಡ ಖಾಲಿ. ಅವಳು ದಿನವಿಡೀ ಕಿಟಕಿಯ ಹತ್ತಿರ ಕೂತು ರಸ್ತೆ ನೋಡಿದಳು. "ಆತು ಬಿಡು" ಎಂದಳು ಒಮ್ಮೆ, ಯಾರಿಗೂ ಅಲ್ಲದ ಹಾಗೆ.

ನಾನು ಸಂಜೆ ಮನೆಗೆ ಹೋಗುವಾಗ ಬೇಕೆಂದೇ ಮಾರ್ಕೆಟ್ಟಿನ ದಾರಿ ಹಿಡಿದೆ. ಬೀರಮ್ಮನ ಜಾಗದಲ್ಲಿ ಮಾಸ್ತಮ್ಮ ಕೂತಿದ್ದಳು. ಬೀರಮ್ಮ ಹೇಳಿದ್ದೇ ನಿಜವಾಯಿತಲ್ಲ ಎಂದು ನನಗೆ ಬೇಸರವಾಯಿತು. ಅದರ ಪಕ್ಕದಲ್ಲಿ, ಇಷ್ಟು ವರ್ಷ ಮಾಸ್ತಮ್ಮ ಕೂರುತ್ತಿದ್ದ ಜಾಗದಲ್ಲಿ, ಬೇರೆ ಯಾರೋ ಕೂತು ಮೀನು ತೂಗುತ್ತಿದ್ದಳು. ನಾನು ನಿಲ್ಲದೆ ಮನೆಗೆ ನಡೆದೆ. ಬೀರಮ್ಮನಿಗೂ ಹೇಳಲಿಲ್ಲ.

ಗಣೇಶ ಚವತಿ ಕಳೆದ ಮೇಲೆ ಒಂದು ಬೆಳಿಗ್ಗೆ ದುರ್ಗಪ್ಪ ಅಮ್ಮನನ್ನು ಕೈಗಾಡಿಯಲ್ಲಿ ಕೂರಿಸಿ ಮಾರ್ಕೆಟ್ಟಿಗೆ ಒಯ್ದ. ಡಾಕ್ಟರು ನನ್ನನ್ನೂ ಜೊತೆಗೆ ಕಳಿಸಿದ್ದರು, ಬೀಳದ ಹಾಗೆ ನೋಡಲು. ಅವಳು ಬಾಗಿಲಲ್ಲಿ ಇಳಿದು, ಕೋಲು ಊರಿ, ಒದ್ದೆ ನೆಲದ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಹೋದಳು. ಮಾಸ್ತಮ್ಮ ತಲೆ ಎತ್ತಿದಳು. ತನ್ನ ಬುಟ್ಟಿ, ತಕ್ಕಡಿ, ಕೂರುವ ಮಣೆ ಎತ್ತಿಕೊಂಡು ಎದ್ದಳು. ತನ್ನ ಹಳೆಯ ಜಾಗದ ಕಡೆ ನೋಡಲೂ ಇಲ್ಲ. ಆ ವರ್ಷಕ್ಕೆ ಅದು ಬೇರೆಯವರದ್ದು. ಬಚ್ಚಲಿನ ನೀರು ಹರಿಯುವ ಹಿಂದಿನ ಮೂಲೆಗೆ ಹೋಗಿ ಬುಟ್ಟಿ ಇಟ್ಟಳು.

ಬೀರಮ್ಮ ನಿಂತೇ ಇದ್ದಳು. ತನಗಾಗಿ ಉಳಿಸಿಟ್ಟ ಜಾಗವನ್ನೂ, ಹಿಂದಿನ ಮೂಲೆಯ ಬುಟ್ಟಿಯನ್ನೂ ನೋಡಿದಳು.

"ಅಲ್ಲಿ ಗಿರಾಕಿ ಬರೂದಿಲ್ಲ ಮಾರಾಯ್ತಿ" ಎಂದಳು.

"ಬರೂಕಿಲ್ದೆ ಎಂತ. ನೀ ಕೂರು. ನಿಂತ್ರೆ ಮತ್ತೆ ಬೀಳ್ತೆ" ಎಂದಳು ಮಾಸ್ತಮ್ಮ, ಮೀನಿಗೆ ನೀರು ಚಿಮುಕಿಸುತ್ತ.

ಬೀರಮ್ಮ ಕೂತಳು. ಆ ವರ್ಷ ಮಾಸ್ತಮ್ಮ ಹಿಂದಿನ ಮೂಲೆಯಲ್ಲೇ ಮೀನು ಮಾರಿದಳು. ಬೀರಮ್ಮ ಕೋಲು ಹಿಡಿದು ನಡೆದಳು, ತಲೆಯ ಮೇಲೆ ಬುಟ್ಟಿ ಹೊರಲು ಮತ್ತೆ ಆಗಲಿಲ್ಲ. ಎಡಗಾಲು ಬಲಗಾಲಿಗಿಂತ ಸ್ವಲ್ಪ ಗಿಡ್ಡವಾಗಿ ಉಳಿಯಿತು.